ಲ್ಯಾಬಿನ ಅಕ್ಕೋರ ಬಡ್ತಿ ಮತ್ತು ನಾವು ಬರೆದ ಒಂದು ತಪ್ಪು ಸುದ್ದಿ

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ದೊಡ್ಡಕ್ಕನ ಮಗಳು ಫೋನ್ ಮಾಡಿದಳು. ಸೈನ್ಸ್‌ನಲ್ಲಿ ಪಾಸಾಗಿದ್ದಾಳೆ. ಡಾಕ್ಟರ್ ಸೀಟು ಸಿಗುವಷ್ಟು ಅಂಕ ಇಲ್ಲ, ಇಂಜಿನಿಯರಿಂಗ್ ಕಡೆ ಮನಸ್ಸಿಲ್ಲ.

"ಮಾಮಾ, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡ್ಬೇಕಂತೀನಿ. ಸರ್ಕಾರಿ ದವಾಖಾನ್ಯಾಗ ನೌಕರಿ ಸಿಗ್ತೈತಂತ. ಮುಂದ ಪ್ರಮೋಷನ್ ಏನರ ಅದಾವೇನು? ನೀವು ಪೇಪರ್‌ನವರು, ನಿಮಗ ಗೊತ್ತಿರಬೇಕಲ್ಲ."

ಹೌದು, ಗೊತ್ತಿರಬೇಕು. ಜಿಲ್ಲೆಯ ಆರೋಗ್ಯ ಇಲಾಖೆಯ ಸುದ್ದಿಯನ್ನು ನಾವು ಹನ್ನೆರಡು ವರ್ಷದಿಂದ ಬರೆಯುತ್ತಿದ್ದೇವೆ. ಆದರೂ ಆ ದಿನ ಉತ್ತರ ಬರಲಿಲ್ಲ. "ನಾಲ್ಕು ದಿನ ತಡಿಯವಾ, ಕೇಳಿ ಹೇಳ್ತೀವಿ" ಎಂದು ಫೋನ್ ಇಟ್ಟೆವು.

ಲ್ಯಾಬ್ ಟೆಕ್ನಿಷಿಯನ್ ಅಂದ ಕೂಡಲೇ ನಮಗೆ ನೆನಪಾಗುವುದು ಒಂದು ಬೀಗ. ಮೊದಲು ಅದರ ಕತೆ ಹೇಳಿಬಿಡುತ್ತೇವೆ. ಎಂಟು ವರ್ಷ ತಡವಾಗಿದೆ.

ಬೀಗದ ಫೋಟೊ

2017ರ ಒಂದು ಮಂಗಳವಾರ. ನಮ್ಮ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಯಾವುದೋ ಉದ್ಘಾಟನೆಯ ಸುದ್ದಿಗೆ ಹೋದವರು, ದಾರಿಯಲ್ಲಿ ಹಾಗೇ ಒಳಗೆ ಇಣುಕಿದೆವು. ಹನ್ನೊಂದು ಗಂಟೆ. ಲ್ಯಾಬಿನ ಬಾಗಿಲಿಗೆ ಬೀಗ. ಹೊರಗೆ ಬೆಂಚಿನ ಮೇಲೆ ಮೂವರು ಗರ್ಭಿಣಿಯರು, ಜ್ವರ ಬಂದ ಮಗುವನ್ನು ಎತ್ತಿಕೊಂಡ ಒಬ್ಬ ಅಜ್ಜಿ, ಇನ್ನೂ ಏಳೆಂಟು ಜನ.

ಸುದ್ದಿ ಸಿಕ್ಕಿತು ಅನ್ನಿಸಿತು. ಬೀಗದ ಫೋಟೊ ತೆಗೆದೆವು, ಅಜ್ಜಿಯ ಎರಡು ಮಾತು ಬರೆದುಕೊಂಡೆವು. ಡಾಕ್ಟರಿಗೆ ಫೋನ್ ಹಚ್ಚಿದೆವು, ಅವರು ಎತ್ತಲಿಲ್ಲ. ಸಂಜೆ ಸುದ್ದಿ ಕಳಿಸಿದೆವು. ಮರುದಿನ ಎರಡು ಕಾಲಂನಲ್ಲಿ ಬಂತು: "ಲ್ಯಾಬ್‌ಗೆ ಬೀಗ, ಗರ್ಭಿಣಿಯರ ಪರದಾಟ". ಒಳಗೆ ಒಂದು ಸಾಲು, "ಟೆಕ್ನಿಷಿಯನ್ ಕರ್ತವ್ಯಕ್ಕೆ ಗೈರಾಗಿದ್ದು ಕಂಡುಬಂತು". ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದೇ ಓಡಾಡಿತು. ನಾಲ್ಕು ಜನ ಬೆನ್ನು ತಟ್ಟಿದರು.

ಮೂರನೇ ದಿನ ಒಂದು ಫೋನ್ ಬಂತು. ಹೆಣ್ಣುಮಗಳ ದನಿ. ಸಿಟ್ಟು ಇರಲಿಲ್ಲ.

"ಸರ, ನೀವು ಬಂದಿದ್ದು ಮಂಗಳವಾರ. ಮಂಗಳವಾರ, ಶುಕ್ರವಾರ ನನಗ ಬ್ಯಾರೆ ಕೇಂದ್ರಕ್ಕ ಹಾಕ್ಯಾರ. ಅಲ್ಲಿ ಟೆಕ್ನಿಷಿಯನ್ ಹುದ್ದೆ ಎರಡು ವರ್ಷದಿಂದ ಖಾಲಿ ಐತಿ. ಆ ಆದೇಶ ಅದ ಬಾಗಲ ಪಕ್ಕದಾಗ ಅಂಟಿಸೇನಿ. ನಿಮ್ಮ ಫೋಟೊದಾಗ ಸೈತ ಕಾಣಸ್ತೈತಿ, ನೋಡ್ರಿ."

ನೋಡಿದೆವು. ಬೀಗದ ಬಲಗಡೆ, ಗೋಡೆಯ ಮೇಲೆ, ಒಂದು ಬಿಳಿ ಕಾಗದ. ಅದನ್ನು ಓದಲು ಅರ್ಧ ನಿಮಿಷ ಸಾಕಿತ್ತು.

ಅಷ್ಟರಲ್ಲಿ ಅವರಿಗೆ ಕಾರಣ ಕೇಳಿ ನೋಟಿಸ್ ಬಂದಿತ್ತು. ಅವರು ಗುತ್ತಿಗೆ ನೌಕರರು. ಪ್ರತಿ ವರ್ಷ ಮಾರ್ಚ್ 31ಕ್ಕೆ ಕರಾರು ಮುಗಿಯುತ್ತದೆ, ಮತ್ತೆ ಮುಂದುವರಿಸಬೇಕು. ಕಡತದಲ್ಲಿ ಇಂಥ ಒಂದು ಕಾಗದ ಕೂತರೆ ಮಾರ್ಚ್ ತನಕ ನಿದ್ದೆ ಬರುವುದಿಲ್ಲ. ನಾವು ತಿದ್ದುಪಡಿ ಬರೆದು ಕಳಿಸಿದೆವು. ಡೆಸ್ಕಿನಲ್ಲಿ ಜಾಗ ಸಿಗಲಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯ ನಮಗೂ ಆಗಲಿಲ್ಲ. ಸಾಲಿನ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಬಾತ್ಮಿದಾರ ಡೆಸ್ಕಿನ ಜೊತೆ ಎಷ್ಟು ವಾದ ಮಾಡುತ್ತಾನೆ?

ಆಮೇಲೆ ಅವರು ಎರಡೂ ಕೇಂದ್ರಗಳ ಹಾಜರಾತಿ ಪುಸ್ತಕದ ಪ್ರತಿ ಹಚ್ಚಿ ಉತ್ತರ ಕೊಟ್ಟರು. ನೌಕರಿ ಉಳಿಯಿತು. ನಮ್ಮ ಸುದ್ದಿ ಹಾಗೇ ಉಳಿಯಿತು.

ಅಪ್ಪನ ಕೆಮ್ಮು

2019ರಲ್ಲಿ ನಮ್ಮ ಅಪ್ಪನಿಗೆ ಕೆಮ್ಮು ಹತ್ತಿತು. ಖಾಸಗಿ ಕ್ಲಿನಿಕ್‌ನಲ್ಲಿ ಎರಡು ತಿಂಗಳು ಸಿರಪ್ಪು, ಇಂಜೆಕ್ಷನ್ನು. ಮೈ ಇಳಿಯಿತು, ಸಂಜೆಯಾದರೆ ಜ್ವರ. ಕೊನೆಗೆ ಊರಿನ ಆಶಾ ಕಾರ್ಯಕರ್ತೆ ಬಂದು, "ಕಫ ಪರೀಕ್ಷೆ ಮಾಡಸ್ರಿ, ಸುಮ್ನ ಯಾಕ ರೊಕ್ಕ ಸುಡ್ತೀರಿ" ಎಂದಳು. ಹತ್ತಿರದ ಲ್ಯಾಬ್ ಯಾವುದು? ಅದೇ ಬೀಗದ ಲ್ಯಾಬು.

ನಾವು ಹೊರಗೇ ನಿಂತೆವು. ಅಪ್ಪ ಒಳಗೆ ಹೋದ. ಅಕ್ಕೋರು (ಊರಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ) ಅಪ್ಪನಿಗೆ ಹೇಳುವುದು ಕೇಳುತ್ತಿತ್ತು: "ಉಗುಳು ಬ್ಯಾಡ ಯಜಮಾನ್ರ, ಕಫ ಬೇಕು. ದೊಡ್ಡದಾಗಿ ಉಸುರು ತಗೊಂಡು, ಎದಿ ಒಳಗಿಂದ ಕೆಮ್ಮರಿ. ಇವತ್ತ ಒಂದು ಕೊಡ್ರಿ, ನಾಳೆ ಮುಂಜಾನೆ ಎದ್ದ ಕೂಡ್ಲೆ ಇನ್ನೊಂದು ತರ್ರಿ."

ಮರುದಿನ ನಮ್ಮನ್ನು ಒಳಗೆ ಕರೆದು ಸೂಕ್ಷ್ಮದರ್ಶಕ ತೋರಿಸಿದರು. ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು. "ಎರಡು ಪ್ಲಸ್ ಐತಿ. ಅಂಜಬ್ಯಾಡ್ರಿ, ಆರು ತಿಂಗಳು ಗುಳಿಗಿ ತಪ್ಪಿಸದ ನುಂಗಿದ್ರ ಹೋಗತೈತಿ." ಬೀಗದ ಸುದ್ದಿ ಎತ್ತಲಿಲ್ಲ. ನಮಗೆ ಎತ್ತುವ ಮುಖ ಇರಲಿಲ್ಲ.

ಅಪ್ಪ ಆರು ತಿಂಗಳು ಗುಳಿಗೆ ನುಂಗಿದ. ಗುಳಿಗೆ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆಂದು ಆಗ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಈಗ ಅಪ್ಪ ಹೊಲಕ್ಕೆ ಹೋಗುತ್ತಾನೆ.

ಆ ಪರೀಕ್ಷೆಯ ಬಗ್ಗೆ ಒಂದು ಮಾತು. ಕಫದ ಸ್ಲೈಡಿನಲ್ಲಿ ಕ್ರಿಮಿ ಇಲ್ಲ ಎಂದು ಬರೆಯಬೇಕಾದರೆ, ಎಣ್ಣೆಹನಿ ಹಾಕಿ, ಸಾವಿರ ಪಟ್ಟು ದೊಡ್ಡದು ಮಾಡಿ, ಕನಿಷ್ಠ ನೂರು ಜಾಗ ನೋಡಬೇಕು. ಅವಸರದಲ್ಲಿ ಇಪ್ಪತ್ತು ನೋಡಿ "ನೆಗೆಟಿವ್" ಬರೆದರೆ ಹಿಡಿಯುವವರು ಯಾರೂ ಇಲ್ಲ. ಆದರೆ ಆ ಮನುಷ್ಯ ಮನೆಗೆ ಹೋಗಿ ಮೊಮ್ಮಕ್ಕಳ ಪಕ್ಕ ಮಲಗುತ್ತಾನೆ. ಈಗ ಹಲವು ಕಡೆ ಟ್ರೂನ್ಯಾಟ್, ಸಿಬಿ ನ್ಯಾಟ್ ಎಂಬ ಯಂತ್ರಗಳು ಬಂದಿವೆ. ಆ ಯಂತ್ರಕ್ಕೂ ಕಫ ಸರಿಯಾಗಿ ತೆಗೆಸುವ, ಸರಿಯಾಗಿ ಬೆರೆಸುವ ಕೈ ಬೇಕೇ ಬೇಕು.

ಅಪ್ಪನ ಕೆಮ್ಮಿನ ನಂತರ ನಾವು ಆ ಲ್ಯಾಬಿಗೆ ಆಗಾಗ ಹೋಗುತ್ತೇವೆ. ಅಕ್ಕನ ಮಗಳ ಪ್ರಶ್ನೆಯನ್ನೂ ಅಲ್ಲಿಗೇ ಒಯ್ದೆವು.

ಹದಿನೆಂಟು ವರ್ಷ, ಅದೇ ಸ್ಟೂಲು

"ಪ್ರಮೋಷನ್ನಾ?" ಅಕ್ಕೋರು ನಕ್ಕರು. "2007ರಾಗ ಈ ಸ್ಟೂಲ್ ಮ್ಯಾಲ ಕುಂತೀನಿ. ಸ್ಟೂಲ್ ಒಮ್ಮೆ ಬದಲಿ ಆಗೈತಿ."

ಅವರು ಡಿಪ್ಲೊಮಾ ಮುಗಿಸಿ ಕ್ಷಯರೋಗ ಕಾರ್ಯಕ್ರಮದಡಿ ಗುತ್ತಿಗೆಗೆ ಸೇರಿದವರು. ಅವತ್ತಿನ ಹೆಸರು "ಲ್ಯಾಬ್ ಟೆಕ್ನಿಷಿಯನ್, ಗುತ್ತಿಗೆ". ಇವತ್ತಿನ ಹೆಸರೂ ಅದೇ. ಪಗಾರ ಅಷ್ಟಿಷ್ಟು ಏರಿದೆ, ಆದರೆ ಹದಿನೆಂಟು ವರ್ಷದ ಅನುಭವಕ್ಕೆ ಮೇಲಿನ ಹೆಸರು ಇಲ್ಲ, ಮೇಲಿನ ಹುದ್ದೆ ಇಲ್ಲ. ಕೋವಿಡ್ ಬಂದಾಗ ಗಂಟಲ ದ್ರವ ತೆಗೆದದ್ದು ಅವರೇ. ಮನೆಗೆ ಹೋದರೆ ಪಡಸಾಲೆಯಲ್ಲಿ ಬೇರೆ ಮಲಗುತ್ತಿದ್ದರು. ಮಗ ಆಗ ಐದನೇ ಕ್ಲಾಸು.

ಅವರ ಜೊತೆ ಓದಿದ ಒಬ್ಬರು 2009ರಲ್ಲಿ ಕಾಯಂ ಹುದ್ದೆಗೆ ಆಯ್ಕೆಯಾಗಿ ಪಕ್ಕದ ತಾಲ್ಲೂಕು ಆಸ್ಪತ್ರೆಯಲ್ಲಿದ್ದಾರೆ. ಅಕ್ಕೋರು ಅವರ ನಂಬರ್ ಕೊಟ್ಟರು. "ಅವರನ್ನೂ ಕೇಳ್ರಿ. ಕಾಯಂ ಇದ್ದವರ ಕತಿ ಬ್ಯಾರೆ ಐತಿ. ಎರಡೂ ಕೇಳಿ ಹುಡುಗಿಗೆ ಹೇಳ್ರಿ."

ಹೋಗಿ ಮಾತಾಡಿಸಿದೆವು. ಅವರ ಕತೆ ನಿಜವಾಗಿಯೂ ಬೇರೆ.

ರಾಜ್ಯ ಸರ್ಕಾರದ ಕಾಯಂ ನೌಕರ ಬಡ್ತಿ ಸಿಗದೆ ಒಂದೇ ಹುದ್ದೆಯಲ್ಲಿ 10 ವರ್ಷ ತುಂಬಿಸಿದರೆ ಅವನಿಗೆ ಕಾಲಮಿತಿ ಬಡ್ತಿ ಇದೆ. ಹುದ್ದೆ ಅದೇ, ವೇತನ ಶ್ರೇಣಿ ಮಾತ್ರ ಮೇಲಿನದು. ಇದರ ನಿಯಮ 1983ರಷ್ಟು ಹಳೆಯದು. 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ, ಅದರ ನಿಯಮ 1991ರದು. ಮುಂದೆ 20, 25, 30 ವರ್ಷಕ್ಕೆ ಒಂದೊಂದು ಹೆಚ್ಚುವರಿ ವೇತನ ಬಡ್ತಿ. ಸೇವೆ ತೃಪ್ತಿಕರ ಎಂದು ವರದಿ ಇರಬೇಕು, ಹುದ್ದೆಗೆ ಇಲಾಖಾ ಪರೀಕ್ಷೆ ಹೇಳಿದ್ದರೆ ಅದು ಪಾಸಾಗಿರಬೇಕು.

ಅವರಿಗೆ 2019ರಲ್ಲಿ ಹತ್ತು ವರ್ಷದ್ದು ಸಿಕ್ಕಿತು, 2024ರಲ್ಲಿ ಹದಿನೈದರದ್ದು. 2024ರ ಆಗಸ್ಟ್‌ನಿಂದ ಏಳನೇ ರಾಜ್ಯ ವೇತನ ಆಯೋಗದ ಪಗಾರವೂ ಬಂತು. ಮನೆ ಕಟ್ಟಿಸಿದ್ದಾರೆ. "ಪಗಾರದ ಬಗ್ಗೆ ತಕರಾರಿಲ್ಲರಿ" ಎಂದರು. "ಆದ್ರ ನಾನು ಇನ್ನೂ ಕಿರಿಯನ. ತಲಿ ಬೆಳ್ಳಗಾತು, ಬೋರ್ಡಿನ್ಯಾಗ ಕಿರಿಯ ಅಂತ ಐತಿ."

ಪಗಾರ ಏರಿತು, ಕುರ್ಚಿ ಏರಲಿಲ್ಲ. ಸರ್ಕಾರಿ ಆಸ್ಪತ್ರೆಯ ಲ್ಯಾಬು, ಎಕ್ಸ್‌ರೇ, ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುವ ಯಾರನ್ನು ಮಾತಾಡಿಸಿದರೂ ಈ ಮಾತೇ ಬರುತ್ತದೆ.

ಮೆಟ್ಟಿಲು ಯಾಕೆ ಕಡಿಮೆ?

ಇದು ಯಾರೋ ಒಬ್ಬ ಅಧಿಕಾರಿಯ ಹಟದಿಂದ ಆದದ್ದಲ್ಲ, ಲೆಕ್ಕವೇ ಹಾಗಿದೆ.

ಬಯಲು ಸೀಮೆಯಲ್ಲಿ ಸುಮಾರು 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು. ಇದು ರಾಷ್ಟ್ರೀಯ ಮಾನದಂಡ. ಒಂದು ಕೇಂದ್ರಕ್ಕೆ ಒಬ್ಬ ಲ್ಯಾಬ್ ಟೆಕ್ನಿಷಿಯನ್. ಒಂದು ತಾಲ್ಲೂಕಿನಲ್ಲಿ ಎಂಟು ಕೇಂದ್ರ ಇದ್ದರೆ ಎಂಟು ಜನ. ಅವರೆಲ್ಲ ಕಿರಿಯ. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದೋ ಎರಡೋ ಹಿರಿಯ ಹುದ್ದೆ ಎಂದು ಹಿಡಿಯಿರಿ. ಎಂಟು ಜನ ಒಬ್ಬರ ನಿವೃತ್ತಿಗೆ ಕಾಯಬೇಕು. ಆ ಒಬ್ಬರು ನಿವೃತ್ತಿಯಾಗುವ ಹೊತ್ತಿಗೆ ಎಂಟರಲ್ಲಿ ಮೂವರು ತಾವೇ ನಿವೃತ್ತಿಯಾಗಿರುತ್ತಾರೆ. ಕೆಳಗೆ ಅಗಲ, ಮೇಲೆ ಚೂಪು. ನಮ್ಮ ಕಡೆ ಕಣದಲ್ಲಿ ಜೋಳದ ರಾಶಿ ಹಾಕಿದ ಹಾಗೆ.

ಇದರ ಮೇಲೆ ಕಾಗದದ ಕೆಲಸ. ಬಡ್ತಿ ಸಿಗಬೇಕಾದರೆ ಜ್ಯೇಷ್ಠತಾ ಪಟ್ಟಿ ಪ್ರಕಟವಾಗಬೇಕು, ಅದಕ್ಕೆ ಆಕ್ಷೇಪಣೆ ಕರೆಯಬೇಕು, ಅಂತಿಮಗೊಳಿಸಬೇಕು, ಇಲಾಖಾ ಬಡ್ತಿ ಸಮಿತಿ ಕೂರಬೇಕು. ಯಾವ ಹುದ್ದೆಗೆ ಏನು ಓದಿರಬೇಕು, ಎಷ್ಟು ಹುದ್ದೆ ನೇರ ನೇಮಕಾತಿ, ಎಷ್ಟು ಬಡ್ತಿಗೆ ಎಂಬುದನ್ನೆಲ್ಲ ವೃಂದ ಮತ್ತು ನೇಮಕಾತಿ ನಿಯಮಗಳು ಹೇಳುತ್ತವೆ. ಪಟ್ಟಿಗೆ ಒಬ್ಬರು ಕೋರ್ಟಿಗೆ ಹೋದರೆ ಎಲ್ಲರ ಬಡ್ತಿಯೂ ನಿಲ್ಲಬಹುದು. ಮೇಲಿನ ಹುದ್ದೆ ಖಾಲಿ ಇದ್ದರೂ ಕೆಲವು ಕಡೆ ಒಬ್ಬರಿಗೆ "ಪ್ರಭಾರ" ವಹಿಸಿ ಕೆಲಸ ನಡೆಸುತ್ತಾರೆ. ಅವರಿಗೆ ಮೇಲಿನ ಕೆಲಸ ಸಿಗುತ್ತದೆ, ಮೇಲಿನ ಹುದ್ದೆ ಸಿಗುವುದಿಲ್ಲ.

ಹೆಸರುಗಳು ಮಾತ್ರ ಬದಲಾಗಿವೆ. ಫಾರ್ಮಾಸಿಸ್ಟ್ ಈಗ ಫಾರ್ಮಸಿ ಅಧಿಕಾರಿ. ಕಿರಿಯ ಆರೋಗ್ಯ ಸಹಾಯಕಿ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ. ನರ್ಸ್ ಈಗ ಶುಶ್ರೂಷಾಧಿಕಾರಿ. ಇದನ್ನು ಸಣ್ಣದು ಎಂದು ನಾವು ಹೇಳುವುದಿಲ್ಲ. "ಏ ಲ್ಯಾಬ್, ಬಾ ಇಲ್ಲಿ" ಎಂದು ಕೂಗಿಸಿಕೊಂಡವರಿಗೆ ಅಧಿಕಾರಿ ಎಂಬ ಶಬ್ದದ ಬೆಲೆ ಗೊತ್ತು. ಆದರೆ ಹೊಸ ಬೋರ್ಡು ಬರೆಸುವುದು ಬೇರೆ, ಹೊಸ ಮೆಟ್ಟಿಲು ಕಟ್ಟುವುದು ಬೇರೆ.

ಗುತ್ತಿಗೆಯವರ ಏಪ್ರಿಲ್

ಅಕ್ಕೋರ ಕತೆಗೆ ಬರೋಣ. ಅವರಿಗೆ ಈ ಹತ್ತು, ಹದಿನೈದರ ಲೆಕ್ಕ ಯಾವುದೂ ಇಲ್ಲ. ಗುತ್ತಿಗೆ ನೌಕರರ ಸೇವೆ ಜ್ಯೇಷ್ಠತಾ ಪಟ್ಟಿಯಲ್ಲಿ ಬರುವುದೇ ಇಲ್ಲ. ಹದಿನೆಂಟು ವರ್ಷವೂ ಆ ಪುಸ್ತಕದಲ್ಲಿ ಸೊನ್ನೆ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಯಿತು, 2013ರಲ್ಲಿ ಪಟ್ಟಣಗಳನ್ನೂ ಸೇರಿಸಿ ರಾಷ್ಟ್ರೀಯ ಆರೋಗ್ಯ ಅಭಿಯಾನವಾಯಿತು. ನಮ್ಮ ಊರುಗಳ ಆಸ್ಪತ್ರೆಗೆ ಜನ ಬಂದದ್ದು ಅದರಿಂದಲೇ. ನರ್ಸ್, ಲ್ಯಾಬ್, ಆಪ್ತ ಸಮಾಲೋಚಕರು, ಡೇಟಾ ಎಂಟ್ರಿ. ಬಹುತೇಕ ಎಲ್ಲರೂ ಗುತ್ತಿಗೆ.

2006ರ ಏಪ್ರಿಲ್ ನಮ್ಮ ರಾಜ್ಯದ ನೌಕರರು ಮರೆಯದ ತಿಂಗಳು. ಆ ತಿಂಗಳು 1ರಿಂದ ಹೊಸದಾಗಿ ಸೇರುವ ಕಾಯಂ ನೌಕರರಿಗೆ ಹಳೆಯ ಪಿಂಚಣಿ ನಿಂತು ಎನ್‌ಪಿಎಸ್ ಬಂತು. ಅದೇ ತಿಂಗಳು 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಉಮಾದೇವಿ ಪ್ರಕರಣದ ತೀರ್ಪು ಕೊಟ್ಟಿತು. ಅದು ಕರ್ನಾಟಕದಿಂದಲೇ ಹೋದ ಪ್ರಕರಣ. ನಿಯಮದಂತೆ ನೇಮಕವಾಗದ ತಾತ್ಕಾಲಿಕ, ಗುತ್ತಿಗೆ, ದಿನಗೂಲಿ ನೌಕರರು ಎಷ್ಟು ವರ್ಷ ದುಡಿದರೂ ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ಆಗಲೇ ಹತ್ತು ವರ್ಷ ಮೀರಿ ದುಡಿದವರಿಗೆ ಒಂದು ಸಲದ ಅವಕಾಶ ಇಟ್ಟಿತು. ಅಕ್ಕೋರು ಸೇರಿದ್ದು ಮರುವರ್ಷ. ಆ ಬಾಗಿಲು ಅವರು ಬರುವ ಮೊದಲೇ ಮುಚ್ಚಿತ್ತು.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಪ್ರಕರಣದಲ್ಲಿ ಸ್ವಲ್ಪ ಬೇರೆ ದನಿಯಲ್ಲಿ ಮಾತಾಡಿದೆ. ಕೇಂದ್ರ ಜಲ ಆಯೋಗದಲ್ಲಿ ವರ್ಷಾನುಗಟ್ಟಲೆ ಕಸ ಗುಡಿಸಿದ, ತೋಟ ನೋಡಿಕೊಂಡ ಕೆಲಸಗಾರರನ್ನು ಕಾಯಂ ಮಾಡಿ ಎಂದು ಹೇಳುತ್ತಾ, ದೀರ್ಘಕಾಲ ದುಡಿದವರ ವಿರುದ್ಧ ಉಮಾದೇವಿ ತೀರ್ಪನ್ನು ಆಯುಧದಂತೆ ಬಳಸಬಾರದು ಎಂದಿದೆ. ಅಕ್ಕೋರ ಫೋನಿನಲ್ಲಿ ಆ ಸುದ್ದಿಯ ತುಣುಕು ಇನ್ನೂ ಇದೆ. "ಇದು ನಮಗ ಹತ್ತತೈತೇನ್ರಿ?" ಎಂದು ಕೇಳಿದರು. ವಕೀಲರನ್ನು ಕೇಳಬೇಕು ಎಂದೆವು. ಒಬ್ಬೊಬ್ಬರ ನೇಮಕಾತಿ ಕಾಗದ ಒಂದೊಂದು ರೀತಿ ಇರುತ್ತದೆ, ತೀರ್ಪು ತಾನಾಗಿ ಎಲ್ಲರಿಗೂ ಅನ್ವಯವಾಗುವುದಿಲ್ಲ.

2023ರ ಫೆಬ್ರುವರಿಯಲ್ಲಿ ರಾಜ್ಯದ ಎನ್‌ಎಚ್‌ಎಂ ಗುತ್ತಿಗೆ ನೌಕರರು ಕಾಯಂಗೊಳಿಸಿ ಎಂದು ಮುಷ್ಕರ ಹೂಡಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಅಕ್ಕೋರೂ ಹೋಗಿದ್ದರು. ಚಾಪೆ, ಚಪಾತಿ ಕಟ್ಟಿಕೊಂಡು. ಆ ವಾರಗಳಲ್ಲಿ ಲ್ಯಾಬಿಗೆ ಮತ್ತೆ ಬೀಗ ಬಿದ್ದಿತ್ತು. ಈ ಸಲ ನಾವು ಫೋಟೊ ತೆಗೆಯಲಿಲ್ಲ.

2021ರ ಕಾಯ್ದೆ ಏನು ಮಾಡುತ್ತದೆ?

ಒಂದು ಒಳ್ಳೆಯ ಸುದ್ದಿಯೂ ಇದೆ. ವೈದ್ಯರಿಗೆ, ನರ್ಸ್‌ಗಳಿಗೆ, ಫಾರ್ಮಾಸಿಸ್ಟ್‌ಗಳಿಗೆ ಮೊದಲಿನಿಂದ ತಮ್ಮದೇ ಪರಿಷತ್ತು ಇತ್ತು. ಫಾರ್ಮಸಿ ಕಾಯ್ದೆ 1948ರದು. ಲ್ಯಾಬು, ಎಕ್ಸ್‌ರೇ, ಡಯಾಲಿಸಿಸ್, ಫಿಸಿಯೊಥೆರಪಿ, ಕಣ್ಣಿನ ಪರೀಕ್ಷೆ, ಅರಿವಳಿಕೆ ತಂತ್ರಜ್ಞರಿಗೆ ದೇಶಕ್ಕೆಲ್ಲ ಒಂದು ಕಾಯ್ದೆ ಇರಲಿಲ್ಲ. 2021ರ ಮಾರ್ಚ್‌ನಲ್ಲಿ ಸಂಸತ್ತು ಅದನ್ನು ಮಾಡಿತು. ಹತ್ತು ಗುಂಪುಗಳಲ್ಲಿ ಐವತ್ತಕ್ಕೂ ಹೆಚ್ಚು ವೃತ್ತಿಗಳು ಅದರಲ್ಲಿ ಬರುತ್ತವೆ. ದೇಶಕ್ಕೆ ಒಂದು ಆಯೋಗ, ರಾಜ್ಯಕ್ಕೊಂದು ಪರಿಷತ್ತು, ಪ್ರತಿಯೊಬ್ಬರಿಗೂ ನೋಂದಣಿ.

ಓದಿನ ಅಳತೆಯನ್ನೂ ಕಾಯ್ದೆ ಹೇಳಿದೆ. ಅಲೈಡ್ ಹೆಲ್ತ್ ವೃತ್ತಿಪರ ಎನ್ನಿಸಿಕೊಳ್ಳಲು ಕನಿಷ್ಠ 2,000 ಗಂಟೆಯ ಡಿಪ್ಲೊಮಾ ಅಥವಾ ಪದವಿ. ಅದಕ್ಕಿಂತ ಮೇಲಿನ ಹೆಲ್ತ್‌ಕೇರ್ ವೃತ್ತಿಪರ ಎನ್ನಿಸಿಕೊಳ್ಳಲು ಕನಿಷ್ಠ 3,600 ಗಂಟೆಯ ಪದವಿ. ಅಂದರೆ ಡಿಪ್ಲೊಮಾ ಮತ್ತು ಪದವಿಯ ನಡುವೆ ಈಗ ಕಾನೂನಿನಲ್ಲೇ ಒಂದು ಗೆರೆ ಬಿದ್ದಿದೆ. ಮುಂದೆ ಬಡ್ತಿಯ ನಿಯಮ ಬರೆಯುವಾಗ ಈ ಗೆರೆ ಲೆಕ್ಕಕ್ಕೆ ಬರುತ್ತದೆ ಎಂಬುದು ನಮ್ಮ ಅಂದಾಜು.

ಆದರೆ ಈ ಕಾಯ್ದೆ ಬಡ್ತಿ ಕೊಡುವುದಿಲ್ಲ. ಅದು ಓದು, ನೋಂದಣಿ, ನಡತೆಯನ್ನು ನೋಡುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಷ್ಟು ಹಿರಿಯ ಹುದ್ದೆ ಇರಬೇಕು, ಹತ್ತು ಕೇಂದ್ರಗಳ ಲ್ಯಾಬಿನ ಗುಣಮಟ್ಟ ನೋಡಲು ಒಬ್ಬ ಮೇಲ್ವಿಚಾರಕ ಬೇಕೇ ಎಂಬುದನ್ನು ತೀರ್ಮಾನಿಸುವುದು ರಾಜ್ಯ ಸರ್ಕಾರ.

ಇದರಿಂದ ಹಳ್ಳಿಯವರಾದ ನಮಗೇನು ಎಂದು ಕೇಳಬಹುದು. ಮೇಲೆ ಹುದ್ದೆ ಇಲ್ಲದಿದ್ದರೆ ಕೈ ಪಳಗಿದವರು ಪಟ್ಟಣದ ಖಾಸಗಿ ಲ್ಯಾಬಿಗೆ ಹೋಗುತ್ತಾರೆ, ಇಲ್ಲವೇ ಇದ್ದಲ್ಲೇ ಮನಸ್ಸು ಕಳೆದುಕೊಳ್ಳುತ್ತಾರೆ. ಹೊಸದಾಗಿ ಬಂದವರಿಗೆ ಕಲಿಸುವವರು ಇರುವುದಿಲ್ಲ. ಅಕ್ಕೋರು ನೂರು ಜಾಗ ನೋಡುವುದು ಅವರ ಸ್ವಭಾವದಿಂದ. ಒಂದು ವ್ಯವಸ್ಥೆ ಒಬ್ಬರ ಸ್ವಭಾವದ ಮೇಲೆ ಎಷ್ಟು ದಿನ ನಡೆಯುತ್ತದೆ?

ಹುಡುಗಿಗೆ ಹೇಳಿದ್ದು

ಒಂದು ಶನಿವಾರ ಅಕ್ಕನ ಮಗಳನ್ನು ಅಕ್ಕೋರ ಲ್ಯಾಬಿಗೆ ಕರೆದುಕೊಂಡು ಹೋದೆವು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಒಂದು ಮೂಲೆಯಲ್ಲಿ ಕೂತು ನೋಡಿದಳು. ಗರ್ಭಿಣಿಯರ ರಕ್ತ, ಮಲೇರಿಯಾ ಸ್ಲೈಡು, ಸಕ್ಕರೆ, ಮೂತ್ರ, ಕಫ. ನಡುವೆ ರಿಜಿಸ್ಟರು, ಮೊಬೈಲಿನಲ್ಲಿ ಎಂಟ್ರಿ, ಮತ್ತೆ ರಿಜಿಸ್ಟರು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅಕ್ಕೋರು ಅವಳಿಗೆ ಹೇಳಿದ್ದನ್ನು ಹಾಗೇ ಬರೆಯುತ್ತೇವೆ. ಮಕ್ಕಳನ್ನು ಪ್ಯಾರಾಮೆಡಿಕಲ್ ಓದಿಸಬೇಕೆಂದಿರುವ ಎಲ್ಲರಿಗೂ ಉಪಯೋಗಕ್ಕೆ ಬಂದೀತು.

"ಮೊದ್ಲ ಕಾಲೇಜು ನೋಡವಾ. ಪ್ಯಾರಾಮೆಡಿಕಲ್ ಬೋರ್ಡಿನ ಮಾನ್ಯತಾ ಐತೇನು, ಆ ಹೊಸ ಪರಿಷತ್ತಿನ್ಯಾಗ ನಿನ್ನ ಸರ್ಟಿಫಿಕೇಟ್ ನೋಂದಣಿ ಆಗತೈತೇನು, ಕೇಳಿ ಬರಸ್ಕೋ. ಬರೇ ಬಾಯಿ ಮಾತು ನಂಬಬ್ಯಾಡ."

"ಎರಡನೇದು, ಆದ್ರ ಡಿಗ್ರೀನ ಮಾಡು. ನಾನು ಡಿಪ್ಲೊಮಾಕ್ಕ ನಿಂತೆ. ಮನ್ಯಾಗ ಪರಿಸ್ಥಿತಿ ಹಂಗಿತ್ತು. ಡಿಪ್ಲೊಮಾನ ಮಾಡೂದಾದ್ರ, ಮುಗಿದ ಮ್ಯಾಲ ಡಿಗ್ರಿಗೆ ಸೇರಾಕ ದಾರಿ ಐತೇನಂತ ಈಗ ಕೇಳು, ಆಮ್ಯಾಲಲ್ಲ."

"ಮೂರನೇದು, ನೌಕರಿ ಕರೆದಾಗ ಕಾಯಂ ಏನು, ಗುತ್ತಿಗೆ ಏನು, ಹೊರಗುತ್ತಿಗೆ ಏನು, ಜಾಹೀರಾತು ಪೂರಾ ಓದು. ಮೂರೂ ಒಂದ ಲ್ಯಾಬಿನ್ಯಾಗ ಒಂದ ಕೆಲಸ ಮಾಡ್ತಾವ. ಬಾಳೇವು ಬ್ಯಾರೆ ಬ್ಯಾರೆ."

"ನಾಲ್ಕನೇದು, ಎಲ್ಲಾ ಕಾಗದ ಇಟ್ಕೋ. ಆದೇಶ, ಹಾಜರಿ, ಡ್ಯೂಟಿ ಪಟ್ಟಿ." ಇಷ್ಟು ಹೇಳಿ ಒಮ್ಮೆ ನಮ್ಮ ಕಡೆ ನೋಡಿದರು. "ಕಾಗದ ಇದ್ದದ್ದಕ್ಕ ನಾ ಉಳದೀನಿ."

ನಾವು ಚಟ್ನಿಪುಡಿ ಕಡೆ ನೋಡಿದೆವು.

ಅದಕ್ಕೆ ನಾವು ಸೇರಿಸಿದ್ದು ಒಂದೇ. ನಮ್ಮದು ಕಲ್ಯಾಣ ಕರ್ನಾಟಕದ ಜಿಲ್ಲೆ. 371(ಜೆ) ಪ್ರಕಾರ ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಮೀಸಲು. ಲ್ಯಾಬ್ ಟೆಕ್ನಿಷಿಯನ್ ಗ್ರೂಪ್ ಸಿ. ಅದರ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕೊಡುತ್ತಾರೆ. ಅರ್ಜಿ ಹಾಕುವ ಕೊನೆಯ ದಿನ ಓಡಾಡುವ ಬದಲು ಈಗಲೇ ಮಾಡಿಸಿಟ್ಟುಕೋ ಎಂದೆವು.

ಹುಡುಗಿ ದಾರಿಯಲ್ಲಿ ತುಂಬಾ ಹೊತ್ತು ಸುಮ್ಮನಿದ್ದಳು. ಬೈಕಿನ ಹಿಂದಿನಿಂದ ಕೇಳಿದಳು: "ಮಾಮಾ, ನಿಮಗ ಪ್ರಮೋಷನ್ ಆಗೇತೇನು?"

ಹನ್ನೆರಡು ವರ್ಷದ ಹಿಂದೆ ಪತ್ರಿಕೋದ್ಯಮ ಡಿಪ್ಲೊಮಾ ಹಿಡಿದು ಬಾತ್ಮಿದಾರರಾಗಿ ಸೇರಿದವರು ನಾವು. ಈಗಲೂ ಬಾತ್ಮಿದಾರರೇ. ಗುರುತಿನ ಚೀಟಿಯೂ ವರ್ಷಕ್ಕೊಮ್ಮೆ ಹೊಸದು. ಅಕ್ಕೋರ ಕತೆ ನಮಗೆ ಇಷ್ಟು ಬೇಗ ಅರ್ಥವಾದದ್ದು ಅದಕ್ಕೇ ಇರಬೇಕು. ಅರ್ಥವಾಗುವ ಮೊದಲು ಅವರ ಮೇಲೆಯೇ ಸುದ್ದಿ ಬರೆದದ್ದು ನಮ್ಮ ಹಣೆಬರಹ.

ಆ ಹುಡುಗಿ ಈಗ ಡಿಗ್ರಿಗೇ ಸೇರಿದ್ದಾಳೆ. ಲ್ಯಾಬ್ ವಿಷಯವೇ. "ಆ ಕೆಂಪು ಕಡ್ಡಿ ನಾನೂ ಹುಡುಕ್ತೀನಿ" ಎಂದಳಂತೆ ಅವ್ವನ ಮುಂದೆ. ದೊಡ್ಡಕ್ಕ ಒಂದು ಎಮ್ಮೆ ಮಾರಿದಳು.

ಓದುಗರಲ್ಲಿ ಎರಡು ಮಾತು. ನಿಮ್ಮೂರ ಆಸ್ಪತ್ರೆಯ ಲ್ಯಾಬಿಗೆ ಬೀಗ ಕಂಡರೆ, ಫೋಟೊ ತೆಗೆದು ಗುಂಪಿಗೆ ಹಾಕುವ ಮೊದಲು ಪಕ್ಕದ ಗೋಡೆಯ ಕಾಗದ ಓದಿ. ಕಾಗದ ಇಲ್ಲದಿದ್ದರೆ ಒಳಗೆ ಹೋಗಿ ಕೇಳಿ: ಇಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಇವರನ್ನು ಇನ್ನೆಷ್ಟು ಕಡೆ ನಿಯೋಜಿಸಿದ್ದಾರೆ? ಗ್ರಾಮಸಭೆಯಲ್ಲೂ ಇದನ್ನೇ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.

ಇನ್ನೊಂದು ಮಾತು, ಎಂಟು ವರ್ಷದ ಹಿಂದೆ ಬರಬೇಕಾಗಿದ್ದು. 2017ರಲ್ಲಿ ನಾವು ಬರೆದ ಆ ಸುದ್ದಿ ತಪ್ಪು. ಟೆಕ್ನಿಷಿಯನ್ ಗೈರಾಗಿರಲಿಲ್ಲ. ಆ ಹೊತ್ತಿಗೆ ಅವರು ಹದಿನಾರು ಕಿಲೋಮೀಟರ್ ಆಚೆ, ಖಾಲಿ ಹುದ್ದೆಯ ಇನ್ನೊಂದು ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದರು.

ಇದನ್ನು ಹಾಕುವ ಮೊದಲು ಅಕ್ಕೋರಿಗೆ ಓದಿ ತೋರಿಸಿದೆವು. "ಹೆಸರು ಹಾಕಬ್ಯಾಡ್ರಿ ಸರ, ಮಾರ್ಚ್ ಬರ್ತೈತಿ" ಎಂದರು.

ಹಾಕಿಲ್ಲ.